ಶಿರಸಿಯಲ್ಲಿ ನಾಲ್ಕು ಮೇಜಿನ ರೂಮು: ವಕೀಲಳಿಗೆ ಹೆಸರು ಬರುತ್ತದೋ, ಇದ್ದದ್ದೂ ಹೋಗುತ್ತದೋ?

ಘಟ್ಟದ ಮೇಲಿನ ಜೂನಿಯರ್ ಕೇಳಿದ್ದು:

ನಾಲ್ಕು ವರ್ಷ ಒಬ್ಬ ಸೀನಿಯರ್ ಕೈಕೆಳಗೆ ದುಡಿದೆ. ತಾರೀಖು ಬರೆದುಕೊಂಡೆ, ನಕಲು ಅರ್ಜಿ ಹಾಕಿದೆ, ಮುದ್ದತು ಕೇಳಿ ಕೇಳಿ ನ್ಯಾಯಾಧೀಶರಿಗೇ ನನ್ನ ಮುಖ ನೋಡಿದರೆ ನಗು ಬರುವ ಹಾಗಾಗಿತ್ತು. ಚೌತಿ ಕಳೆದ ಮೇಲೆ ಸ್ವಂತ ಆಫೀಸು ಅಂತ ಮನೆಯಲ್ಲಿ ಹೇಳಿಯಾಗಿದೆ.

ಎರಡು ಜಾಗ ನೋಡಿದೆ. ಯಲ್ಲಾಪುರ ನಾಕೆ ಕಡೆ ಒಂದು ಒಂಟಿ ಕೋಣೆ, ಬಾಡಿಗೆ 7,000, ಪಕ್ಕದಲ್ಲಿ ಪಂಕ್ಚರ್ ಅಂಗಡಿ. ಇನ್ನೊಂದು ಕೋರ್ಟಿಗೆ ನಡೆದೇ ಹೋಗಬಹುದಾದ ಮಹಡಿ ಮೇಲಿನ ರೂಮು. ಅಲ್ಲಿ ಆಗಲೇ ಮೂವರಿದ್ದಾರೆ: ಒಬ್ಬರದ್ದು ಸಿವಿಲ್, ಒಬ್ಬರದ್ದು ಮೋಟಾರು ಅಪಘಾತ ಪರಿಹಾರ, ಮತ್ತೊಬ್ಬರದ್ದು ಹೆಚ್ಚಾಗಿ ಚೆಕ್ ಬೌನ್ಸ್. ನಾಲ್ಕನೇ ಮೇಜು ಖಾಲಿ. ನನ್ನ ಪಾಲಿಗೆ 3,000, ಜೊತೆಗೆ ಕಾರಕೂನನ ಪಗಾರದಲ್ಲಿ ಕಾಲು ಭಾಗ.

ದುಡ್ಡಿನ ಲೆಕ್ಕ ನಾನೇ ಮಾಡಿಕೊಳ್ಳುತ್ತೇನೆ. ಹೆಸರಿನ ಲೆಕ್ಕ ತಿಳಿಯುತ್ತಿಲ್ಲ. ಸೋದರಮಾವ, “ಆ ಆಫೀಸಿನ ಕೂಸು ಹೇಳೇ ಉಳಿತೆ ನೀನು” ಅಂತ ಹೆದರಿಸಿದ್ದಾರೆ. ಬಾರ್ ಕೌನ್ಸಿಲಿನ 36ನೇ ನಿಯಮದ ಪ್ರಕಾರ ನಮಗೆ ಜಾಹೀರಾತಿಲ್ಲ. ಬೋರ್ಡಿನ ಮೇಲೆ ‘ಭೂ ವ್ಯಾಜ್ಯ ತಜ್ಞೆ’ ಅಂತಲೂ ಬರೆಸುವ ಹಾಗಿಲ್ಲ. 2008ರ ತಿದ್ದುಪಡಿಯಾದ ಮೇಲೆ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ಓದು, ಮಾಡುವ ಕೆಲಸದ ಕ್ಷೇತ್ರ ಇಷ್ಟು ಹಾಕಬಹುದು, ನಿಜ. ಆದರೆ ಮತ್ತಿಘಟ್ಟದ ಅಜ್ಜಿ ಪಾಲಿನ ದಾವೆ ಹಾಕುವ ಮೊದಲು ನನ್ನ ವೆಬ್‌ಸೈಟು ನೋಡುತ್ತಾಳೆಯೇ? ಹಂಚಿಕೊಂಡ ರೂಮಿನಲ್ಲಿ ಕೂತು ಮೇಲೆ ಬಂದವರು ಯಾರಾದರೂ ಇದ್ದರೆ ಹೇಳಿ.

ಕುಮಟೆಯ ಹಳೇ ಕೋಟು:

ತಂಗೀ, ನಾನು 2003ರಲ್ಲಿ ಶುರು ಮಾಡಿದ್ದೇ ಇಂಥ ರೂಮಿನಲ್ಲಿ. ಮೂರು ಮೇಜು, ಒಂದು ಫ್ಯಾನು, ಅದೂ ಹಿರಿಯರ ಕಡೆಗೇ ತಿರುಗಿದ್ದು.

ಮೊದಲ ಎಂಟು ತಿಂಗಳು ನನ್ನ ಮೇಜಿಗೆ ಬಂದವರೆಲ್ಲ “ಅವರು ಎಷ್ಟೊತ್ತಿಗೆ ಬರ್ತಾರೆ?” ಅಂತ ಕೇಳಲಿಕ್ಕೆ ಬಂದವರು. ಒಂದು ದಿನ ಪಕ್ಕದ ಮೇಜಿನವರಿಗೆ ಒಂದೇ ಹೊತ್ತಿಗೆ ಎರಡು ಕೋರ್ಟಿನಲ್ಲಿ ಕೆಲಸ ಬಿತ್ತು. “ಆ ಗಡಿ ತಕರಾರಿನ ಸರ್ವೆಯರನನ್ನು ನೀನು ನೋಡಿಕೋ” ಅಂತ ಫೈಲು ಎಸೆದು ಓಡಿದರು. ರಾತ್ರಿಯೆಲ್ಲ ಓದಲಿಕ್ಕೆ ಸಮಯ ಇರಲಿಲ್ಲ, ಇದ್ದದ್ದು ಮುಕ್ಕಾಲು ತಾಸು. ನಕ್ಷೆ ನೋಡುತ್ತ ಕೂತಾಗ ಒಂದೇ ಸಂಶಯ ಬಂತು: ಈ ಮನುಷ್ಯ ಅಳತೆ ಶುರು ಮಾಡಿದ್ದು ಎಲ್ಲಿಂದ? ಪಾಟೀಸವಾಲಿನಲ್ಲಿ ಅದನ್ನೇ ಕೇಳಿದೆ. ಗಡಿಕಲ್ಲು ಸಿಗಲಿಲ್ಲ, ಬೇಲಿ ಮೂಲೆಯಿಂದ ಹಿಡಿದೆ ಅಂತ ಅವನೇ ಒಪ್ಪಿಬಿಟ್ಟ. ಆವತ್ತು ಬಾರ್ ರೂಮಿನಲ್ಲಿ ಎದುರು ಪಕ್ಷದ ವಕೀಲರೇ ನನ್ನ ಹೆಸರು, ಊರು ಕೇಳಿದರು. ಮುಂದಿನ ತಿಂಗಳು ಅವರ ಸಂಬಂಧಿಕರೊಬ್ಬರ ಕೆಲಸ ನನಗೆ ಬಂತು. ನಮ್ಮ ಕಸುಬಿನಲ್ಲಿ ಹೆಸರು ಮೊದಲು ಹುಟ್ಟುವುದು ಬಾರ್ ರೂಮಿನಲ್ಲಿ, ಪೇಟೆಗೆ ಇಳಿಯುವುದು ಆಮೇಲೆ. ಒಂಟಿ ಕೋಣೆಯಲ್ಲಿ ಕೂತಿದ್ದರೆ ಆ ಫೈಲು ನನಗೆ ಯಾರು ಎಸೆಯುತ್ತಿದ್ದರು?

ಇನ್ನೊಂದು ಮಾತು. ಆ ಮೂವರಲ್ಲಿ ಯಾರೂ ಮಾಡದ ಕೆಲಸ ಒಂದನ್ನು ಹಿಡಿ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ? ಸೊಪ್ಪಿನ ಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರಲಿಕ್ಕೆ ಬಿಟ್ಟ ಕಾಡಿನ) ತಕರಾರು, ಅರಣ್ಯ ಅತಿಕ್ರಮಣ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ತಿರಸ್ಕಾರವಾದ ಅರ್ಜಿಗಳು. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ದಾಖಲೆ ಕೊಡಬೇಕು. ಅದನ್ನು ಹುಡುಕುವ ತಾಳ್ಮೆ ಎಷ್ಟು ವಕೀಲರಿಗಿದೆ? ನೀನು ಹುಡುಕಿದೆ ಅಂದುಕೋ. ವರ್ಷದೊಳಗೆ ಆ ಮೂವರೂ “ಜಂಗಲ್ ಜಮೀನಿಂದಾ? ಕಿಟಕಿ ಹತ್ತಿರದ ಮೇಜಿಗೆ ಹೋಗಿ” ಅನ್ನುತ್ತಾರೆ. ಬೋರ್ಡಿನ ಮೇಲೆ ಬರೆಸಬಾರದ ಮಾತನ್ನು ಪಕ್ಕದ ಮೇಜಿನವರು ಬಾಯಲ್ಲಿ ಹೇಳಬಹುದು.

ಆದರೆ ಬಾಡಿಗೆ ಉಳಿಸುವ ಆಸೆಗೆ ಐದನೇ ಮೇಜನ್ನು ಜಾಗದ ದಲಾಲಿಗೋ, ಅರ್ಜಿ ಬರೆಯುವವನಿಗೋ ಕೊಟ್ಟು, ‘ಪಾರ್ಟಿ ಕರೆತಂದರೆ ಇಷ್ಟು’ ಅನ್ನುವ ಲೆಕ್ಕ ಇಟ್ಟಿದ್ದರೆ ಆ ಮೆಟ್ಟಿಲು ಹತ್ತಬೇಡ. ವಕೀಲರಲ್ಲದವರ ಜೊತೆ ಫೀ ಹಂಚಿಕೊಳ್ಳುವುದು ನಿಯಮಕ್ಕೆ ವಿರುದ್ಧ.

ಕಾಳಿ ತೀರದವಳು:

ಮೇಲಿನವರು ಸಿಹಿ ಹೇಳಿದರು. ನಾನು ಕಹಿ ಹೇಳುತ್ತೇನೆ.

ಕಾರವಾರದಲ್ಲಿ ನಾನೂ ಹೀಗೇ ಹಂಚಿಕೊಂಡ ರೂಮಿನಲ್ಲಿದ್ದೆ. ನಡುವೆ ಪ್ಲೈವುಡ್ಡಿನ ಗೋಡೆ, ಅದೂ ಎದೆಯೆತ್ತರಕ್ಕೆ. ಅಂಕೋಲಾ ಕಡೆಯ ಅಣ್ಣ ನನ್ನ ಹತ್ತಿರ ಬಂದು ಮನೆಯ ಒಳಗುಟ್ಟೆಲ್ಲ ಹೇಳಿ ಅತ್ತು ಹೋದ. ವಾರದ ಮೇಲೆ ಪಕ್ಕದ ಮೇಜಿಗೆ ಬಂದವನು ಅವನ ತಮ್ಮ! ಪಾಲಿನ ದಾವೆ, ಎದುರಾಳಿಗಳಿಬ್ಬರೂ ಒಂದೇ ರೂಮಿನಲ್ಲಿ. ನಾವಿಬ್ಬರೂ ಒಬ್ಬರಿಗೊಬ್ಬರು ಒಂದಕ್ಷರ ಹೇಳಿರಲಿಲ್ಲ, ಆದರೆ ನಂಬುವವರು ಯಾರು? ಅಣ್ಣ ಭಾನುವಾರದ ಸಂತೆಯಲ್ಲಿ ಮೀನಿನ ಬುಟ್ಟಿಗಳ ನಡುವೆ ನಿಂತು, “ಆ ರೂಮಿಗೆ ಹೋಗಬೇಡಿ, ಅಲ್ಲಿ ಗೋಡೆಗೂ ಕಿವಿ” ಅಂದನಂತೆ. ನಾನು ವಕಾಲತ್ತು ವಾಪಸು ಪಡೆದೆ. ಹೆಸರು ವಾಪಸು ಬರಲಿಕ್ಕೆ ವರ್ಷ ಹಿಡಿಯಿತು.

ಆದ್ದರಿಂದ ಬಾಡಿಗೆ ಮಾತಾಡುವ ಮೊದಲು ಒಂದು ರಿಜಿಸ್ಟರ್ ಕೇಳಿ. ನಾಲ್ವರಿಗೂ ಒಂದೇ. ಪಕ್ಷಗಾರನ ಹೆಸರು, ಊರು, ಎದುರು ಪಕ್ಷ, ಅಷ್ಟೇ. ಹೊಸಬರು ಕುರ್ಚಿಯಲ್ಲಿ ಕೂತು ಕಥೆ ಶುರು ಮಾಡುವ ಮೊದಲೇ ಅದನ್ನು ತಿರುವಿ ನೋಡಬೇಕು. ಕಪಾಟು ಬೇರೆ ಬೇರೆ, ಬೀಗವೂ ಬೇರೆ. ಕಾರಕೂನ ಒಬ್ಬನೇ ಅಂದಿರಿ, ಅವನ ಕೈಯಲ್ಲಿ ನಾಲ್ವರ ಫೈಲೂ ಓಡಾಡುತ್ತದೆ. ಪಕ್ಷಗಾರ ಹೇಳಿದ್ದನ್ನು ಬಹಿರಂಗ ಮಾಡಬಾರದು ಅನ್ನುವ ಕಟ್ಟು, ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 126ನೇ ಕಲಮಿನದ್ದು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿಗೆ ಬಂದಿದೆ. ಅದು ವಕೀಲರ ಗುಮಾಸ್ತರಿಗೂ ಅನ್ವಯಿಸುತ್ತದೆ. ಅವನನ್ನು ಕೂರಿಸಿಕೊಂಡು ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳಿ.

ಬೋರ್ಡಿನ ವಿಷಯ: ನಾಲ್ಕು ಹೆಸರು, ನಾಲ್ಕು ಪ್ರತ್ಯೇಕ ಫಲಕ. ‘ಅಸೋಸಿಯೇಟ್ಸ್’ ಅಂತ ಒಂದೇ ಬೋರ್ಡು ಹಾಕಿದಿರೋ, ನಿಮ್ಮ ಮಾವನ ಮಾತು ನಿಜವಾಗುತ್ತದೆ.

ಸಿದ್ದಾಪುರದ ತೋಟಿಗ:

ನಾನು ವಕೀಲನಲ್ಲ, ವಕೀಲರನ್ನು ಸಾಕಿದವನು. ಹನ್ನೊಂದು ವರ್ಷದ ದಾರಿ ತಕರಾರು.

ಒಮ್ಮೆ ಮಳೆಯಲ್ಲಿ ನೆನೆದುಕೊಂಡು ಹೋದರೆ ನಮ್ಮ ವಕೀಲರು ಹೈಕೋರ್ಟ್ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದರು. ಪಕ್ಕದ ಮೇಜಿನ ವಕೀಲಮ್ಮ ಕುರ್ಚಿ ಕೊಟ್ಟು, ಮೊಬೈಲಿನಲ್ಲಿ ನನ್ನ ಕೇಸ್ ನಂಬರ್ ಹಾಕಿ ಮುಂದಿನ ತಾರೀಖು ಬರೆದುಕೊಟ್ಟರು. ನಿಮ್ಮ ಕೇಸಿನ ಬಗ್ಗೆ ನಾನು ಮಾತಾಡಬಾರದು, ಅವರನ್ನೇ ಕೇಳಿ ಅಂದರು. ಆ ಮಾತು ನನಗೆ ಹಿಡಿಸಿತು. ತಮ್ಮನ ಮಗಳ ಜೀವನಾಂಶದ ಅರ್ಜಿ ಅವರಿಗೇ ಕೊಟ್ಟೆವು. ಒಂಟಿ ಕೋಣೆಯಾಗಿದ್ದರೆ ನನಗೆ ಕಾಣುತ್ತಿದ್ದದ್ದು ಬೀಗ ಮಾತ್ರ.

ಘಟ್ಟದ ಮೇಲಿನ ಜೂನಿಯರ್:

ಎಲ್ಲರಿಗೂ ಉತ್ತರ ತಡವಾಯಿತು. ನಿನ್ನೆ ರೂಮಿಗೆ ಹೋಗಿ ರಿಜಿಸ್ಟರಿನ ಮಾತು ತೆಗೆದೆ. ಸಿವಿಲ್‌ನವರು, “ಶಿರಸಿಯಲ್ಲಿ ಯಾರು ಯಾರ ದಾಯಾದಿ ಅಂತ ನನಗೆ ಗೊತ್ತಿಲ್ಲವಾ?” ಅಂತ ನಕ್ಕರು. ಚೆಕ್ ಬೌನ್ಸಿನವರು ನಗಲಿಲ್ಲ. ಇವತ್ತು ಬೆಳಿಗ್ಗೆ ಇನ್ನೂರು ಪುಟದ ಪುಸ್ತಕ ತಂದು ಗೆರೆ ಹೊಡೆಯುತ್ತ ಕೂತಿದ್ದರು. ಅವರಿಗೂ ಏನೋ ಹಳೇ ಪೆಟ್ಟು ಇರಬೇಕು, ಕೇಳಲಿಲ್ಲ.

ಮೇಜು ಹಿಡಿದೆ. ಕಪಾಟು ಮಾತ್ರ ಸ್ವಂತದ್ದು, ಕಬ್ಬಿಣದ್ದು. ನಮ್ಮ ಮಳೆಗಾಲಕ್ಕೆ ಮರದ್ದರಲ್ಲಿಟ್ಟ ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ. ಬೋರ್ಡು ಬರೆಯುವವನಿಗೆ ಹೆಸರು, ಬಿ.ಎ., ಎಲ್‌ಎಲ್.ಬಿ., ವಕೀಲರು ಅಂತ ಚೀಟಿ ಕೊಟ್ಟೆ. “ಇಷ್ಟೇನಾ ಮೇಡಂ? ತಕ್ಕಡಿ ಚಿತ್ರ ಬೇಡವಾ?” ಅಂದ. ಮೆಟ್ಟಿಲ ಕೆಳಗೆ ನಿಂತವರಿಗೆ ಹೆಸರು ಓದಲಿಕ್ಕೆ ಬಂದರೆ ಸಾಕು ಅಂದೆ.