ಪುಣೆಯಾಗ ಕೂಲಿ ಮಾಡೋರಿಗೆ ಪುಕ್ಕಟೆ ವಕೀಲರು ಸಿಗ್ತಾರೇನ್ರಿ?

ವಾಕಡ್_ಕನ್ನಡಿಗ:
ನಮಸ್ಕಾರ್ರಿ. ನಮ್ಮ ಸೊಸೈಟಿಯೊಳಗ ಭಾಂಡಿ ತಿಕ್ಕಾಕ ಬರೋ ಅಕ್ಕಾರು ಸಿಂದಗಿ ಕಡೆಯವರು. ಅವರ ಗಂಡ ಹಿಂಜವಡಿ ಹತ್ರ ಸೆಂಟ್ರಿಂಗ್ ಕೆಲಸಕ್ಕ ಹೋಗ್ತಿದ್ದ, ನಾಲ್ಕ್ ತಿಂಗಳ ಹಿಂದ ಎರಡನೇ ಮಜಲಿಂದ ಬಿದ್ದು ಕಾಲು ಮುರೀತು, ರಾಡ್ ಹಾಕ್ಯಾರ, ಇನ್ನೂ ನೆಟ್ಟಗ ನಿಂದ್ರಾಕ ಬರವಲ್ದು. ಮುಕಾದಮ (ಕೂಲಿಯವರನ್ನ ಕೆಲಸಕ್ಕ ಹಚ್ಚೋ ಗುತ್ತಿಗೆದಾರ) ಮೊದಲ ದಿನ ದವಾಖಾನಿಗೆ ಸೇರಿಸಿ ಹತ್ತು ಸಾವಿರ ಕೊಟ್ಟು ಹೋದಾಂವ ಈಗ ಫೋನೇ ಎತ್ತವಲ್ಲ, ಬಿಲ್ಡರ್ ಆಫೀಸಿಗೆ ಹೋದ್ರ ಅಂವ ನಮ್ಮ ಮನುಷ್ಯಾನೇ ಅಲ್ಲ ಅಂತ ವಾಚ್‌ಮನ್ ಕಡೆಯಿಂದ ಹೇಳಿಸಿ ಕಳಿಸ್ಯಾರ.

ನಿನ್ನೆ ಅಕ್ಕಾರು ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಮುಂದ ಇಟ್ರು. ಒಳಗ ಎಕ್ಸ್‌ರೇ, ಮೆಡಿಕಲ್ ಬಿಲ್ಲು, ಮತ್ತ ಒಂದು ಸಣ್ಣ ಡೈರಿ. ಅವರ ಮಗಳು ಊರಾಗ ಐದನೇತ್ತಾ ಓದಿ ಬಂದಾಕಿ, ಅಪ್ಪ ಯಾವ ದಿನ ಕೆಲಸಕ್ಕ ಹೋದ, ಶನಿವಾರ ವಾರದ ಖರ್ಚಿಗಂತ ಎಷ್ಟು ರೊಕ್ಕ ಕೊಟ್ರು ಅಂತ ಪೆನ್ಸಿಲ್‌ಲೆ ಕನ್ನಡದಾಗ ಬರದಿಟ್ಟಾಳ. ನೋಡಿ ಹೊಟ್ಟಿ ಚುರ್ ಅಂತು. ಒಬ್ಬ ವಕೀಲರು ಮೊದಲೇ ಇಪ್ಪತ್ತೈದು ಸಾವಿರ ಇಡ್ರಿ ಅಂದ್ರು, ಇವರ ಕಡೆ ಬಾಡಿಗಿಗೇ ರೊಕ್ಕ ಇಲ್ಲ. ಏನ್ ಮಾಡಬೇಕು?

ಶಿವಾಜಿನಗರದ_ವಕೀಲ:
ನಾ ಸೊಲ್ಲಾಪುರದಾಂವ, ಇಲ್ಲೇ ಶಿವಾಜಿನಗರ ಕೋರ್ಟಿನಾಗ ಪ್ರಾಕ್ಟೀಸ್. ಮೊದಲ ಆ ಡೈರಿ ಜೋಪಾನ ಮಾಡ್ರಿ, ಒರಿಜಿನಲ್ ಯಾರ ಕೈಗೂ ಕೊಡಬ್ಯಾಡ್ರಿ, ಪ್ರತಿ ಹಾಳಿ ಫೋಟೋ ತಗದು ಇಟ್ಕೋರಿ. ಇಂಥಾ ಕೇಸಿನಾಗ ಮಾಲಕರ ಕಡೆಯವರ ಮೊದಲನೇ ಮಾತೇ ಅಂವ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಅನ್ನೋದು, ಆಗ ಈ ಡೈರಿ, ಜೊತಿಗಿದ್ದ ಇಬ್ಬರು ಗಾರೆಯವರ ಸಾಕ್ಷಿ, ದವಾಖಾನಿಯ ಎಂಎಲ್‌ಸಿ ಕಾಗದ (ಅಪಘಾತದ ಕೇಸ್ ಅಂತ ಡಾಕ್ಟರ್ ಬರದಿಡೋ ದಾಖಲೆ) ಇವೇ ಕೈ ಹಿಡಿಯೋದು. ಮುಕಾದಮನ ಹೆಸರು ಹೇಳಿ ಬಿಲ್ಡರ್ ಜಾರಿಕೊಳ್ಳಾಕ ಬರಂಗಿಲ್ಲ, ಗುತ್ತಿಗೆ ಕೊಟ್ಟು ಮಾಡಿಸಿದ್ರೂ ಪರಿಹಾರದ ಹೊಣೆ ಮುಖ್ಯ ಮಾಲಕನ ಮ್ಯಾಲೂ ಬರ್ತದ. ಅಪಘಾತ ಆದ ಎರಡು ವರ್ಷದೊಳಗ ಪರಿಹಾರದ ಅರ್ಜಿ ಹಾಕಬೇಕು, ಆದ್ರ ತಡಾ ಮಾಡಬ್ಯಾಡ್ರಿ, ಸಾಕ್ಷಿಯವರು ಬ್ಯಾರೆ ಸೈಟಿಗೆ ಹೋಗಿಬಿಡ್ತಾರ.

ವಕೀಲರ ಬಗ್ಗೆ: ಕೋರ್ಟ್ ಆವರಣದಾಗೇ ಪುಕ್ಕಟೆ ವಕೀಲರನ್ನ ಕೊಡೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಆಫೀಸ್ ಅದ. 1987ರ ಕಾಯ್ದೆ ಪ್ರಕಾರ ಹೆಣ್ಮಕ್ಕಳು, ಎಸ್‌ಸಿ ಎಸ್‌ಟಿ, ಅಂಗವಿಕಲರು, ಕಸ್ಟಡಿಯಾಗ ಇದ್ದೋರು, ಹಿಂಗ ಕೆಲವರಿಗೆ ಆದಾಯ ಎಷ್ಟೇ ಇದ್ರೂ ಪುಕ್ಕಟೆ, ಉಳದೋರಿಗೆ ಮಹಾರಾಷ್ಟ್ರದಾಗ ವರ್ಷಕ್ಕ 3 ಲಕ್ಷದ ಒಳಗ ಇರಬೇಕು. ಆದಾಯಕ್ಕ ಅಫಿಡವಿಟ್ ನಡೀತದ. ಓದು ಬರಹ ಬರದಿದ್ರ ಬಾಯಿಲೆ ಹೇಳಿದ್ರೂ ಬರಕೊಳ್ತಾರ. ಕೋರ್ಟ್ ಫೀ, ಕಾಗದ ಅನುವಾದದ ಖರ್ಚು ಸಹಿತ ಅವರೇ ನೋಡ್ಕೋತಾರ, ಹಂಗಾಗಿ ಕನ್ನಡ ಡೈರಿ ಅಂತ ಹೆದರಬ್ಯಾಡ್ರಿ. ಮನಿಯಿಂದ ಕೇಳಬೇಕಂದ್ರ 15100 ನಂಬರಿಗೆ ಫೋನ್ ಹಚ್ರಿ.

ಡೊಂಬಿವಲಿ_ಭಟ್ರು:
ಹೇಳ್ಲಿಕ್ಕೆ ಬೇಜಾರು, ಆದ್ರೆ ಹೇಳ್ಬೇಕು. ನಮ್ಮ ಕ್ಯಾಂಟೀನಿನ ಹುಡುಗನಿಗೆ ಹೀಗೇ ಪುಕ್ಕಟೆ ವಕೀಲರು ಸಿಕ್ಕಿದ್ರು, ಪ್ರತಿ ತಾರೀಕಿಗೂ ಟೈಪಿಂಗಿಗೆ ಐನೂರು, ಗುಮಾಸ್ತನಿಗೆ ಇನ್ನೂರು ಅಂತ ಕೇಳ್ತಿದ್ರು, ಅವ ಪಾಪ ನಾಲ್ಕು ತಾರೀಕು ಕೊಟ್ಟು ಕೇಸೇ ಬಿಟ್ಟ. ನಾವ್ಯಾರೂ ಜೊತೆಗೆ ಹೋಗ್ಲಿಲ್ಲ, ಅದು ಈಗಲೂ ಮನಸ್ಸಿಗೆ ಚುಚ್ತದೆ.

ಶಿವಾಜಿನಗರದ_ವಕೀಲ:
ಭಟ್ರೇ, ಹಂಗ ಕೇಳೋದು ಪೂರಾ ತಪ್ಪು. ಪ್ಯಾನಲ್ ವಕೀಲರಿಗೆ (ಪ್ರಾಧಿಕಾರದ ಪಟ್ಟಿಯಾಗ ಇರೋ ವಕೀಲರಿಗೆ) ಪ್ರಾಧಿಕಾರನೇ ಫೀ ಕೊಡ್ತದ, ಕಕ್ಷಿದಾರನ ಕಡೆ ಒಂದು ರೂಪಾಯಿ ಮುಟ್ಟಂಗಿಲ್ಲ. ಕೇಳಿದ್ರ ಅಲ್ಲಿಯ ಸೆಕ್ರೆಟರಿಗೆ ಬರದು ಕೊಡ್ರಿ, ವಕೀಲರನ್ನ ಬದಲಿ ಮಾಡ್ತಾರ. ಇದರ ಹೊರಗ ತಾವಾಗೇ ಬಿಟ್ಟಿ ಕೇಸ್ ನಡಿಸೋ ವಕೀಲರೂ ಅದಾರ, ಕೇಂದ್ರ ನ್ಯಾಯ ಇಲಾಖೆ 2017ರಾಗ ಶುರು ಮಾಡಿದ ನ್ಯಾಯಬಂಧು ಅನ್ನೋ ಯೋಜನೆಯಾಗ ಹೆಸರು ಹಚ್ಚಿರ್ತಾರ. ನಾನೂ ಹಚ್ಚೀನಿ, ಬಹಳ ಮಂದಿ ಹಚ್ಚಬೇಕು ಅನಸ್ತದ. ಅನ್ಯಾಯ ಆದೋರು ಭಾಷಾ ಬರದಂಗ ಕಾರಿಡಾರಿನಾಗ ಸಂಜಿತನಕ ಕುಂತು ಎದ್ದು ಹೋಗೋದು ನೋಡಾಕ ಆಗೂದಿಲ್ಲರಿ.

ಇನ್ನೊಂದು, ಲೋಕ ಅದಾಲತ್‌ನಾಗ ರಾಜಿ ಮಾಡ್ಕೋರಿ ಅಂದ್ರ ಮೊತ್ತ ನೋಡಿ ಹೂಂ ಅನ್ರಿ, ಅಲ್ಲಿ ಆದ ತೀರ್ಪಿಗೆ ಅಪೀಲ್ ಇಲ್ಲ. ಮುಕಾದಮ ಖಾಲಿ ಕಾಗದ ತಂದ್ರ ಹೆಬ್ಬೆಟ್ಟು ಒತ್ತಬ್ಯಾಡ ಅಂತ ಅಕ್ಕಾರಿಗೆ ಇವತ್ತೇ ಹೇಳ್ರಿ.

ವಾಕಡ್_ಕನ್ನಡಿಗ:
ಹೇಳಿ ಬಂದೆ ಸರ್. ಹೋದ ವಾರನೇ ಒಬ್ಬ ಕಾಗದ ತಂದಿದ್ನಂತ, ಗಂಡ ಮಲಗ್ಯಾನ ನಾಳೆ ಬಾ ಅಂತ ಕಳಿಸ್ಯಾರ. ಮಂಗಳವಾರ ರಜಾ ಹಾಕೀನಿ, ಅಕ್ಕಾರು ನಾನು ಮಗಳು ಮೂವರೂ ಬರ್ತೀವಿ. ಡೈರಿ ಬರದಾಕಿ ಅಕೀನೇ, ಏನ್ ಕೇಳಿದ್ರೂ ಅಕಿ ಹೇಳ್ತಾಳ.