ಸಂದರ್ಭ, ಸನ್ನಿವೇಶ ಮತ್ತು ಆಂಟಾಲಜಿ: ಬಳಕೆದಾರರ ಪರಿವೆಯುಳ್ಳ ಗಣಕದ ಕುರಿತು ಬರೆಯುವಾಗ ಎದುರಾದ ಪದಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ.

ಬಳಕೆದಾರರು ಎಲ್ಲಿದ್ದಾರೆ, ಯಾರೊಂದಿಗಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ತಾನಾಗಿಯೇ ಗ್ರಹಿಸಿ, ಅದಕ್ಕೆ ತಕ್ಕಂತೆ ನಡೆದುಕೊಳ್ಳುವ ಗಣಕವ್ಯವಸ್ಥೆಗಳ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ‘ಕಾಂಟೆಕ್ಸ್ಟ್ ಅವೇರ್ ಕಂಪ್ಯೂಟಿಂಗ್’ ಎಂದು ಕರೆಯುವ ಈ ವಿಷಯದಲ್ಲಿ ಮೂರು ಪದಗಳು ನನ್ನ ಕೈ ಕಟ್ಟಿಹಾಕಿವೆ: ಕಾಂಟೆಕ್ಸ್ಟ್, ಅವೇರ್ ಮತ್ತು ಆಂಟಾಲಜಿ. ಮೊದಲನೆಯದರ ಬಗ್ಗೆ ನನ್ನ ಮನಸ್ಸಿನಲ್ಲಿ ಒಂದು ತೀರ್ಮಾನ ರೂಪುಗೊಂಡಿದೆ. ಉಳಿದೆರಡಕ್ಕೆ ತಿಳಿದವರ ನೆರವು ಬೇಕಾಗಿದೆ.

ಕಾಂಟೆಕ್ಸ್ಟ್ ಎಂಬುದಕ್ಕೆ ಸಂದರ್ಭ, ಸನ್ನಿವೇಶ, ಪ್ರಸಂಗ, ಪರಿಸ್ಥಿತಿ, ಹಿನ್ನೆಲೆ ಎಂದು ಐದು ಪದಗಳು ಸಲೀಸಾಗಿ ಒದಗುತ್ತವೆ, ಮತ್ತು ಸಾಮಾನ್ಯ ಬರಹದಲ್ಲಿ ಇವುಗಳಲ್ಲಿ ಯಾವುದನ್ನು ಬಳಸಿದರೂ ಓದುಗರು ಹೊಂದಿಸಿಕೊಂಡು ಓದುತ್ತಾರೆ. ಆದರೆ ಗಣಕವಿಜ್ಞಾನದಲ್ಲಿ ಈ ಪದಕ್ಕೆ ನಿರ್ದಿಷ್ಟ ವ್ಯಾಖ್ಯೆಯಿದೆ. ‘ಕಾಂಟೆಕ್ಸ್ಟ್ ಅವೇರ್’ ಎಂಬ ಪದಪುಂಜವನ್ನು 1994ರಲ್ಲಿ ಗಣಕವಿಜ್ಞಾನಿಗಳಾದ ಬಿಲ್ ಶಿಲಿಟ್ ಮತ್ತು ಮಾರ್ವಿನ್ ಥೈಮರ್ ಬಳಸಿದಾಗ ಅವರ ಗಮನ ಮುಖ್ಯವಾಗಿ ಬಳಕೆದಾರರಿರುವ ಜಾಗ, ಅಕ್ಕಪಕ್ಕದ ಜನ ಹಾಗೂ ವಸ್ತುಗಳು, ಮತ್ತು ಅವುಗಳಲ್ಲಿ ಆಗುವ ಬದಲಾವಣೆಗಳ ಮೇಲಿತ್ತು. ಅನಿಂದ್ ಡೇ ಅವರು 2001ರಲ್ಲಿ ಪ್ರಕಟಿಸಿದ ಮತ್ತು ಇಂದಿಗೂ ಹೆಚ್ಚಾಗಿ ಉಲ್ಲೇಖಿಸಲಾಗುವ ವ್ಯಾಖ್ಯೆ ಇದಕ್ಕಿಂತ ವಿಶಾಲವಾದದ್ದು: ವ್ಯಕ್ತಿ, ಸ್ಥಳ ಅಥವಾ ವಸ್ತುವೊಂದರ ‘ಸಿಚುಯೇಶನ್’ ಎಂಥದೆಂದು ನಿರೂಪಿಸಲು ಬಳಸಬಹುದಾದ ಯಾವುದೇ ಮಾಹಿತಿಯೂ ಕಾಂಟೆಕ್ಸ್ಟ್ ಎನಿಸಿಕೊಳ್ಳುತ್ತದೆ ಎಂಬುದು ಅದರ ತಿರುಳು.

ನಾನು ಎಡವಿದ್ದು ಇಲ್ಲಿಯೇ. ಮೊದಲ ಕರಡಿನಲ್ಲಿ ಕಾಂಟೆಕ್ಸ್ಟ್, ಸಿಚುಯೇಶನ್ ಎರಡಕ್ಕೂ ಸನ್ನಿವೇಶ ಎಂದೇ ಬರೆದುಕೊಂಡು ಹೋಗಿದ್ದೆ. ಮರುದಿನ ಓದಿ ನೋಡಿದರೆ ‘ಸನ್ನಿವೇಶವೆಂದರೆ ಸನ್ನಿವೇಶವನ್ನು ನಿರೂಪಿಸುವ ಮಾಹಿತಿ’ ಎಂಬ, ಏನನ್ನೂ ಹೇಳದ ವಾಕ್ಯವೊಂದು ಕಣ್ಣಿಗೆ ಬಿತ್ತು. ವ್ಯಾಖ್ಯೆ ನಿಲ್ಲಬೇಕಾದರೆ ಎರಡು ಪದಗಳು ಬೇಕು, ಮತ್ತು ಅವು ಪರಸ್ಪರ ಬೆರೆಯಬಾರದು. ಒಂದು ಸಭಾಕೋಣೆಯನ್ನು ಕಲ್ಪಿಸಿಕೊಳ್ಳಿ. ಮೂರು ಗಂಟೆಗೆ ಸಭೆಯಿದೆ ಎಂದು ಒಬ್ಬರ ಕ್ಯಾಲೆಂಡರ್ ಹೇಳುತ್ತದೆ, ಅವರ ಫೋನು ಕೋಣೆಯ ವೈಫೈ ವ್ಯಾಪ್ತಿಯಲ್ಲಿದೆ, ಒಳಗೆ ನಾಲ್ಕು ಜನರಿದ್ದಾರೆ ಎಂದು ಸೆನ್ಸರ್ ತಿಳಿಸುತ್ತದೆ, ಪ್ರೊಜೆಕ್ಟರ್ ಚಾಲೂ ಆಗಿದೆ. ಇವು ನಾಲ್ಕೂ ಬಿಡಿ ಬಿಡಿ ಸಂಗತಿಗಳು. ಇವನ್ನೆಲ್ಲ ಒಟ್ಟಿಗಿಟ್ಟು ನೋಡಿದಾಗ ‘ಸಭೆ ನಡೆಯುತ್ತಿದೆ’ ಎಂಬ ತೀರ್ಮಾನಕ್ಕೆ ವ್ಯವಸ್ಥೆ ಬರುತ್ತದೆ ಮತ್ತು ಫೋನಿನ ಸದ್ದನ್ನು ಅಡಗಿಸುತ್ತದೆ. ಬಿಡಿ ಸಂಗತಿಗಳು ಸಂದರ್ಭ, ಅವುಗಳಿಂದ ಊಹಿಸಿ ತಿಳಿದದ್ದು ಸನ್ನಿವೇಶ ಎಂದು ಹಂಚಿಕೊಂಡರೆ ವ್ಯಾಖ್ಯೆಯೂ ಉಳಿಯುತ್ತದೆ, ಉದಾಹರಣೆಯೂ ಹೊಂದುತ್ತದೆ.

ಈ ಹಂಚಿಕೆಗೆ ಪದಗಳ ಮೂಲವೂ ಬೆಂಬಲ ಕೊಡುತ್ತದೆ ಎಂಬುದು ನನಗೆ ಸಂತೋಷ ತಂದ ವಿಷಯ. ಸಂದರ್ಭ ಎಂಬುದರ ಧಾತು ‘ದೃಭ್’, ಅಂದರೆ ಪೋಣಿಸು, ಹೆಣೆ. ಹೂಗಳನ್ನು ಮಾಲೆಯಾಗಿ ಕಟ್ಟುವುದೂ ಮೂಲದಲ್ಲಿ ಸಂದರ್ಭವೇ. ಕಾಂಟೆಕ್ಸ್ಟ್ ಎಂಬುದೂ ಲ್ಯಾಟಿನ್ನಿನಲ್ಲಿ ಜೊತೆಗೂಡಿಸಿ ನೇಯುವುದು ಎಂಬ ಅರ್ಥದಿಂದಲೇ ಬಂದಿದೆ. ಸನ್ನಿವೇಶದಲ್ಲಿ ನೆಲೆಗೊಳ್ಳುವ, ಇರಿಸಲ್ಪಡುವ ಅರ್ಥವಿದೆ. ಸಿಚುಯೇಶನ್ನಿನ ಬೇರಿನಲ್ಲಿಯೂ ಸ್ಥಾನವೆಂಬ ಅರ್ಥವಿದೆ. ನಾಟಕ, ಸಿನಿಮಾಗಳಲ್ಲಿ ನಾವು ಸನ್ನಿವೇಶ ಎನ್ನುವಾಗಲೂ ಪಾತ್ರ, ಜಾಗ, ಹೊತ್ತು ಎಲ್ಲವೂ ಕೂಡಿ ಒಂದಾದ ಇಡಿಯನ್ನೇ ಸೂಚಿಸುತ್ತೇವೆ.

ಆದರೂ ಸಂದರ್ಭವನ್ನು ಬಳಸುವಾಗ ಒಂದು ಎಚ್ಚರಿಕೆ ಬೇಕು. ಸಪ್ತಮಿ ವಿಭಕ್ತಿ ಹತ್ತಿದ ಕೂಡಲೇ ಅದರ ಅರ್ಥ ಜಾರುತ್ತದೆ. ‘ಬಳಕೆದಾರರ ಸಂದರ್ಭದಲ್ಲಿ ಆದ ಬದಲಾವಣೆ’ ಎಂದು ಬರೆದರೆ ‘ಬಳಕೆದಾರರ ಮಟ್ಟಿಗೆ ಹೇಳುವುದಾದರೆ ಆದ ಬದಲಾವಣೆ’ ಎಂದೇ ಹೆಚ್ಚಿನವರು ಓದುತ್ತಾರೆ, ಏಕೆಂದರೆ ‘ಸಂದರ್ಭದಲ್ಲಿ’ ಎಂಬುದು ನಮ್ಮ ಬರಹದಲ್ಲಿ ಬಹುಮಟ್ಟಿಗೆ ಒಂದು ಪ್ರತ್ಯಯದಂತೆಯೇ ಸವೆದುಹೋಗಿದೆ. ಅಂಥ ಕಡೆಗಳಲ್ಲಿ ‘ಬಳಕೆದಾರರ ಸಂದರ್ಭ ಬದಲಾದಾಗ’ ಎಂದು ಪ್ರಥಮೆಯಲ್ಲಿಯೇ ನಿಲ್ಲಿಸುತ್ತಿದ್ದೇನೆ. ಶಾಸ್ತ್ರಗ್ರಂಥಗಳಲ್ಲಿ ಇದೇ ಅರ್ಥಕ್ಕೆ ಪ್ರಕರಣ ಎಂಬ ಪದವಿತ್ತು. ‘ಸೈಂಧವವನ್ನು ತಾ’ ಎಂದು ಯಜಮಾನ ಊಟಕ್ಕೆ ಕುಳಿತಾಗ ಹೇಳಿದರೆ ಉಪ್ಪನ್ನೂ, ಪ್ರಯಾಣಕ್ಕೆ ಹೊರಟಾಗ ಹೇಳಿದರೆ ಕುದುರೆಯನ್ನೂ ತರಬೇಕೆಂದು ಸೇವಕನಿಗೆ ತಿಳಿಯುವುದು ಪ್ರಕರಣದಿಂದ ಎಂಬ ಹಳೆಯ ದೃಷ್ಟಾಂತ ಹಲವರಿಗೆ ನೆನಪಿರಬಹುದು. ಇಂದು ಗಣಕದಿಂದ ನಾವು ಬಯಸುತ್ತಿರುವುದು ಆ ಸೇವಕನ ತಿಳಿವಳಿಕೆಯನ್ನೇ. ಆದರೆ ಪ್ರಕರಣವೀಗ ನ್ಯಾಯಾಲಯ ಮತ್ತು ಪೊಲೀಸ್ ಠಾಣೆಗಳ ಪದವಾಗಿಬಿಟ್ಟಿರುವುದರಿಂದ ಅದನ್ನು ಮರಳಿ ತರುವುದು ಸಾಧ್ಯವೆಂದು ನನಗೆ ತೋರುವುದಿಲ್ಲ.

ಅವೇರ್ ಎಂಬುದಕ್ಕೆ ‘ಸಂದರ್ಭಪ್ರಜ್ಞ’ ಎಂಬ ರಚನೆ ಮೊದಲು ಹೊಳೆಯಿತು; ಸಮಯಪ್ರಜ್ಞೆ ಎಂಬ ಪದ ಎಲ್ಲರ ಬಾಯಲ್ಲೂ ಇರುವುದರಿಂದ ಇದು ಹೊಸದೆನಿಸುವುದೂ ಇಲ್ಲ. ಆದರೆ ಯಂತ್ರಕ್ಕೆ ಪ್ರಜ್ಞೆಯನ್ನು ಆರೋಪಿಸಲು ನನಗೆ ಮನಸ್ಸಿಲ್ಲ, ಏಕೆಂದರೆ ಈ ವ್ಯವಸ್ಥೆಗಳಲ್ಲಿ ಇರುವುದು ಸೆನ್ಸರ್‌ಗಳು ಕೊಟ್ಟ ಮಾಹಿತಿ ಮತ್ತು ಅದರ ಮೇಲೆ ನಡೆಸುವ ತರ್ಕ ಮಾತ್ರ. ‘ಪರಿವೆ’ ಇದಕ್ಕಿಂತ ಹಗುರವಾದ, ಸುತ್ತಲಿನದನ್ನು ಗಮನಿಸುವುದಕ್ಕಷ್ಟೇ ಸೀಮಿತವಾದ ಪದ. ಅದರಲ್ಲಿ ನನಗೆ ಕಾಣುವ ತೊಡಕು ಒಂದೇ: ನಾವು ಅದನ್ನು ಬಹುಪಾಲು ನಿಷೇಧದೊಂದಿಗೇ ಬಳಸುತ್ತೇವೆ. ‘ಹೊತ್ತು ಹೋದ ಪರಿವೆಯೇ ಇರಲಿಲ್ಲ’ ಎಂಬುದು ಸಹಜವಾಗಿ ಕೇಳುತ್ತದೆ. ‘ಸಂದರ್ಭದ ಪರಿವೆಯುಳ್ಳ ಗಣಕ’ ಎಂಬುದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಹೊತ್ತುಗೊತ್ತಿಲ್ಲದೆ ಸದ್ದು ಮಾಡುವ ಫೋನನ್ನು ಪರಿವೆಯಿಲ್ಲದ್ದು ಎನ್ನಬಹುದಾದರೆ, ಹೊತ್ತು ಗೊತ್ತು ಅರಿತು ಸುಮ್ಮನಿರುವ ಫೋನನ್ನು ಪರಿವೆಯುಳ್ಳದ್ದು ಎನ್ನಲು ಅಡ್ಡಿಯಿಲ್ಲವೆಂಬುದು ನನ್ನ ವಾದ.

ಇನ್ನು ಆಂಟಾಲಜಿ. ತತ್ತ್ವಶಾಸ್ತ್ರದಲ್ಲಿ ಇದು ಇರವಿನ ಸ್ವರೂಪವನ್ನು ವಿಚಾರಿಸುವ ಶಾಖೆ; ಸತ್ತಾಶಾಸ್ತ್ರ, ಸತ್ತಾಮೀಮಾಂಸೆ ಎಂಬ ಪದಗಳು ಆ ಅರ್ಥಕ್ಕೆ ತಕ್ಕವು. ಗಣಕವಿಜ್ಞಾನದಲ್ಲಿ ಅದು ಶಾಸ್ತ್ರವಲ್ಲ, ಕಟ್ಟಿದ ವಸ್ತು: ಒಂದು ವಿಷಯದಲ್ಲಿ ಯಾವ ಯಾವ ವರ್ಗದ ವಸ್ತುಗಳಿವೆ, ಅವುಗಳ ನಡುವೆ ಯಾವ ಸಂಬಂಧಗಳಿವೆ ಎಂಬುದನ್ನು ಗಣಕ ತರ್ಕಿಸಬಲ್ಲಂತೆ ಬರೆದಿಟ್ಟದ್ದು. ಟಾಮ್ ಗ್ರೂಬರ್ 1993ರಲ್ಲಿ ಅದನ್ನು ಪರಿಕಲ್ಪನೆಯೊಂದರ ಸ್ಪಷ್ಟ ನಿರೂಪಣೆ ಎಂದು ವ್ಯಾಖ್ಯಾನಿಸಿದರು. ಆ ನಿರೂಪಣೆ ಯಂತ್ರ ಓದಬಲ್ಲಂತೆ ನಿಯಮಬದ್ಧವಾಗಿರಬೇಕು ಮತ್ತು ಆ ಪರಿಕಲ್ಪನೆ ಹಲವರು ಹಂಚಿಕೊಂಡದ್ದಾಗಿರಬೇಕು ಎಂಬ ಅಂಶಗಳು ಆಮೇಲೆ ಸೇರಿಕೊಂಡವು. ಅದನ್ನು ಬರೆಯುವ ಭಾಷೆಯಾದ ‘ಔಲ್’ 2004ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆಯ ಶಿಫಾರಸಾಯಿತು, ಮತ್ತು ಸಂದರ್ಭವನ್ನು ನಿರೂಪಿಸಲೆಂದೇ ರಚಿಸಿದ ‘ಕೊನಾನ್’, ‘ಸೂಪಾ’ ಎಂಬ ಆಂಟಾಲಜಿಗಳೂ ಅದೇ ವರ್ಷ ಪ್ರಕಟವಾದವು. ಹೀಗೆ ಇದನ್ನು ಬರೆಯುತ್ತಾರೆ, ತಿದ್ದುತ್ತಾರೆ, ಒಂದರೊಡನೆ ಇನ್ನೊಂದನ್ನು ಜೋಡಿಸುತ್ತಾರೆ. ‘ಎರಡು ಸತ್ತಾಶಾಸ್ತ್ರಗಳನ್ನು ಜೋಡಿಸಿ ಫೈಲಿನಲ್ಲಿ ಉಳಿಸಿದರು’ ಎಂಬ ವಾಕ್ಯವನ್ನು ಕನ್ನಡದ ಓದುಗರ ಮುಂದಿಡಲು ನನ್ನಿಂದಾಗದು.

ಭಾರತೀಯ ದರ್ಶನಗಳಲ್ಲೊಂದಾದ ವೈಶೇಷಿಕದ ‘ಪದಾರ್ಥ’ (ಇರುವುದೆಲ್ಲವನ್ನೂ ವಿಂಗಡಿಸುವ ಮೂಲ ವಿಭಾಗ) ಎಂಬ ಕಲ್ಪನೆ ಇದಕ್ಕೆ ಅತ್ಯಂತ ಹತ್ತಿರದ್ದು. ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ, ಅಭಾವ ಎಂಬ ಏಳು ಪದಾರ್ಥಗಳಲ್ಲಿ ಸಾಮಾನ್ಯವನ್ನು (ಹಲವು ವಸ್ತುಗಳಲ್ಲಿ ಸಮಾನವಾಗಿರುವ ಜಾತಿ) ಆಂಟಾಲಜಿಯ ವರ್ಗಕ್ಕೆ, ಸಮವಾಯವನ್ನು (ಬೇರ್ಪಡಿಸಲಾಗದ ಕೂಡಿಕೆ) ಅದರ ಸಂಬಂಧಕ್ಕೆ ಸ್ಥೂಲವಾಗಿ ಹೋಲಿಸಬಹುದು. ಅಭಾವವನ್ನೂ ಒಂದು ಪದಾರ್ಥವೆಂದು ಎಣಿಸಿದ್ದು ಇಲ್ಲಿ ವಿಶೇಷವಾಗಿ ಗಮನಾರ್ಹ, ಏಕೆಂದರೆ ಔಲ್‌ನಲ್ಲಿ ಹೇಳದೆ ಬಿಟ್ಟದ್ದು ಇಲ್ಲವೆಂದಾಗುವುದಿಲ್ಲ: ಕೋಣೆಯಲ್ಲಿ ಐದನೆಯವರಿದ್ದಾರೆ ಎಂದು ಸೆನ್ಸರ್ ತಿಳಿಸದಿದ್ದ ಮಾತ್ರಕ್ಕೆ ಐದನೆಯವರು ಇಲ್ಲ ಎಂದು ತರ್ಕಿಸಲು ಅದು ಒಪ್ಪದು, ಇಲ್ಲ ಎಂಬುದನ್ನು ಬೇರೆಯಾಗಿಯೇ ಹೇಳಬೇಕು. ಇಷ್ಟೆಲ್ಲ ಹೊಂದಿಕೆಯಿದ್ದರೂ ಪದಾರ್ಥವೆಂದರೆ ಇಂದು ಸಾಮಗ್ರಿ ಎಂದೇ ಓದುಗರ ಮನಸ್ಸಿಗೆ ಬರುತ್ತದೆ. ಅರ್ಥಕೋಶವೆಂದರೆ ನಿಘಂಟಾಗುತ್ತದೆ, ಪರಿಕಲ್ಪನಾ ನಕ್ಷೆಯೆಂದರೆ ತರಗತಿಯಲ್ಲಿ ಬಿಡಿಸುವ ಚಿತ್ರವಾಗುತ್ತದೆ. ‘ಪರಿಕಲ್ಪನಾಸಂಹಿತೆ’ ಎಂಬುದನ್ನು ಸೂಚಿಸುವ ಯೋಚನೆ ನನಗಿದೆ, ಏಕೆಂದರೆ ಸಂಹಿತೆಯಲ್ಲಿ ಒಟ್ಟುಗೂಡಿಸಿದ, ಕ್ರಮಬದ್ಧವಾದ, ಹಲವರು ಒಪ್ಪಿ ನಡೆಯುವ ಎಂಬ ಅರ್ಥಗಳೆಲ್ಲ ಅಡಗಿವೆ ಮತ್ತು ಅದಕ್ಕೆ ಬಹುವಚನ ಸಲೀಸಾಗಿ ಹತ್ತುತ್ತದೆ. ಒಂದು ಸಲ ಹೀಗೆ ವಿವರಿಸಿ, ಮುಂದೆ ಆಂಟಾಲಜಿ ಎಂದೇ ಬರೆದರೆ ಸಾಕೇ, ಅಥವಾ ಲೇಖನದುದ್ದಕ್ಕೂ ಸಂಹಿತೆ ಎಂಬುದನ್ನೇ ಉಳಿಸಿಕೊಳ್ಳಬಹುದೇ?

ಕೊನೆಯದಾಗಿ, ಆಂಟಾಲಜಿಯ ಒಳಗಿನ ಸಂಬಂಧಗಳಿಗೆ ಕನ್ನಡದಲ್ಲಿ ಹೆಸರಿಡುವಾಗ ಎದುರಾದ, ಇಂಗ್ಲಿಷಿನಲ್ಲಿ ಇಲ್ಲದ ಒಂದು ತೊಂದರೆಯನ್ನೂ ಇಲ್ಲಿ ಇಡುತ್ತೇನೆ. ಇಂಥದ್ದು ಇಂಥ ಕಡೆ ಇದೆ ಎಂಬ ಸಂಬಂಧಕ್ಕೆ ‘ಒಳಗಿದೆ’ ಎಂದು ಹೆಸರಿಟ್ಟಿದ್ದೆ. ಕೋಣೆ ಮಹಡಿಯ ಒಳಗಿದೆ, ಮಹಡಿ ಕಟ್ಟಡದ ಒಳಗಿದೆ, ಆದ್ದರಿಂದ ಕೋಣೆ ಕಟ್ಟಡದ ಒಳಗಿದೆ ಎಂಬವರೆಗೆ ಎಲ್ಲವೂ ಸರಿಯಿತ್ತು. ಅದೇ ಸಂಬಂಧವನ್ನು ವ್ಯಕ್ತಿಗೆ ಅನ್ವಯಿಸಿದಾಗ ‘ಒಳಗಿದ್ದಾಳೆ’, ‘ಒಳಗಿದ್ದಾನೆ’, ‘ಒಳಗಿದ್ದಾರೆ’ ಎಂದು ಕ್ರಿಯಾಪದ ಬದಲಾಗಲೇಬೇಕು, ಆದರೆ ಸಂಬಂಧದ ಹೆಸರು ಬದಲಾಗುವಂತಿಲ್ಲ. ಹೀಗಾಗಿ ಕನ್ನಡದಲ್ಲಿ ಇಂಥ ಹೆಸರುಗಳು ಕ್ರಿಯಾಪದಗಳಾಗಿರದೆ ನಾಮಪದಗಳಾಗಿರಬೇಕು ಎಂಬ ನಿಲುವಿಗೆ ಬಂದಿದ್ದೇನೆ. ‘ನೆಲೆ’ ಎಂದು ಇಟ್ಟು ನೋಡಿದೆ. ಕೋಣೆಯ ನೆಲೆ ಮಹಡಿ ಎಂಬುದು ಒಪ್ಪುತ್ತದೆ, ಆದರೆ ಸಭೆಗೆಂದು ಅರ್ಧ ಗಂಟೆ ಬಂದು ಹೋಗುವವರ ನೆಲೆ ಆ ಕೋಣೆ ಎಂದರೆ ಅವರು ಅಲ್ಲಿಯೇ ವಾಸವಿದ್ದಂತಾಗುತ್ತದೆ. ಸದ್ಯಕ್ಕೆ ‘ಇರುವೆಡೆ’ ಎಂದು ಬರೆಯುತ್ತಿದ್ದೇನೆ. ಕೋಣೆಯ ಇರುವೆಡೆ, ವ್ಯಕ್ತಿಯ ಇರುವೆಡೆ, ಫೋನಿನ ಇರುವೆಡೆ ಎಂಬಲ್ಲೆಲ್ಲ ಅದು ಒಂದೇ ರೂಪದಲ್ಲಿ ನಿಲ್ಲುತ್ತದೆ. ಇದಕ್ಕಿಂತ ಸಹಜವಾದ ಪದ ಯಾರಿಗಾದರೂ ಹೊಳೆದರೆ, ಅದನ್ನು ವಸ್ತುವಿಗೂ ವ್ಯಕ್ತಿಗೂ ಬಳಸಿದ ಒಂದೊಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.