ಫೋಲೇಟ್ ಹಚ್ಚಿದ ಲೈಪೋಸೋಮ್ ಕೆಬಿ ಕೋಶದೊಳಗೆ ಹೋಗ್ತಿಲ್ಲ, ಏನ್ ಮಾಡ್ಲಿ?

ಪಿಪೆಟ್_ಪುಟ್ಟಿ: ಎಲ್ಲರಿಗೂ ನಮಸ್ಕಾರ. ಫೋಲೇಟ್ (ಒಂದು ಬಿ ವಿಟಮಿನ್) ಹಚ್ಚಿದ ಲೈಪೋಸೋಮ್, ಅಂದ್ರೆ ಕೊಬ್ಬಿನ ಪುಟ್ಟ ಗುಳ್ಳೆಗಳನ್ನ, ಕೆಬಿ ಅನ್ನೋ ಕ್ಯಾನ್ಸರ್ ಕೋಶಗಳೊಳಗೆ ಕಳಿಸ್ಬೇಕು. ಈ ಕೋಶದ ಮೈಮೇಲೆ ಫೋಲೇಟ್ ಹಿಡಿಯೋ ಪ್ರೋಟೀನ್ (ರಿಸೆಪ್ಟರ್) ಜಾಸ್ತಿ. ಗುಳ್ಳೆಗೆ ಹಾಕಿದ ಲಿಪಿಡ್‌ಗಳು: ಡಿಎಸ್‌ಪಿಸಿ, ಕೊಲೆಸ್ಟ್ರಾಲ್, 5 ಮೋಲ್% ಡಿಎಸ್‌ಪಿಇ-ಪೆಗ್2000 (ಪೆಗ್ ಅಂದ್ರೆ ಪಾಲಿಮರ್ ಎಳೆ, ಸಂಖ್ಯೆ ಹೆಚ್ಚಾದಷ್ಟು ಎಳೆ ಉದ್ದ), ಅದರ ಜೊತೆ 0.5 ಮೋಲ್% ಡಿಎಸ್‌ಪಿಇ-ಪೆಗ್2000-ಫೋಲೇಟ್. 65 ಡಿಗ್ರಿಯಲ್ಲಿ ಹೈಡ್ರೇಟ್ ಮಾಡಿ 100 ನ್ಯಾನೋಮೀಟರ್ ಮೆಂಬ್ರೇನಿನಲ್ಲಿ ಎಕ್ಸ್‌ಟ್ರೂಡ್ ಮಾಡಿದೆ (ತೂತುಗಳ ಮೂಲಕ ಒತ್ತಿ ತೂರಿಸಿದೆ). ಸೈಜ್ ಸುಮಾರು 115 ನ್ಯಾನೋಮೀಟರ್, ಪಿಡಿಐ (ಗಾತ್ರದ ಏರುಪೇರಿನ ಅಳತೆ) 0.08. ಒಳಗೆ 80 ಮಿಲಿಮೋಲಾರ್ ಕ್ಯಾಲ್ಸೀನ್ (ಹಸಿರಾಗಿ ಹೊಳೆಯೋ ಬಣ್ಣ). ಕೆಬಿ ಕೋಶಗಳ ಜೊತೆ 37 ಡಿಗ್ರಿಯಲ್ಲಿ 2 ಗಂಟೆ ಇಟ್ಟರೂ ಫೋಲೇಟ್ ಇರೋದು, ಇಲ್ಲದ್ದು ಎರಡೂ ಅದೇ ಮಂಕು ಹಸಿರು. ಹೊಸ ಲಿಪಿಡ್ ತರಿಸೋಣ ಅಂತಿದ್ದಾರೆ ಗೈಡ್. ಬೆಲೆ ನೋಡಿದ್ರೆ ಎದೆ ಧಸಕ್ ಅನ್ನುತ್ತೆ.

ಹಳೇ_ಬಫರ್: ತಾಳಿ, ಈಗಲೇ ತರಿಸ್ಬೇಡಿ. ಕೋಶ ಬೆಳೆಸ್ತಿರೋದು ಯಾವ ಮೀಡಿಯಂನಲ್ಲಿ (ಪೋಷಕ ದ್ರವದಲ್ಲಿ)?

ಪಿಪೆಟ್_ಪುಟ್ಟಿ: ಮಾಮೂಲಿ ಆರ್‌ಪಿಎಂಐ 1640, 10% ಎಫ್‌ಬಿಎಸ್ (ಕರುವಿನ ಸೀರಂ) ಸರ್.

ಹಳೇ_ಬಫರ್: ಅಲ್ಲೇ ಇದೆ ನೋಡಿ ಎಡವಟ್ಟು. ಅದರಲ್ಲಿ ಲೀಟರಿಗೆ 1 ಮಿಲಿಗ್ರಾಂ ಫೋಲಿಕ್ ಆಸಿಡ್ ಇರುತ್ತೆ, ಅಂದ್ರೆ 2 ಮೈಕ್ರೋಮೋಲಾರ್‌ಗೂ ಜಾಸ್ತಿ. ರಿಸೆಪ್ಟರಿಗೆ ನ್ಯಾನೋಮೋಲಾರ್ ಮಟ್ಟವೇ ಧಾರಾಳ. ನಿಮ್ಮ ಲೈಪೋಸೋಮ್ ಬಸ್ ಹತ್ತೋ ಹೊತ್ತಿಗೆ ಸೀಟೆಲ್ಲ ಭರ್ತಿ! ಫೋಲೇಟ್ ಇಲ್ಲದ ಆರ್‌ಪಿಎಂಐ ಸಿಗುತ್ತೆ, ಅದೇ ಸೀರಂ ಹಾಕಿ ಕೆಲವು ಪ್ಯಾಸೇಜ್ (ಹೊಸ ಪಾತ್ರೆಗೆ ದಾಟಿಸೋ ಸುತ್ತು) ಬೆಳೆಸಿ. ಸೀರಂನಲ್ಲಿರೋ ಫೋಲೇಟೇ ಕೋಶಕ್ಕೆ ಸಾಕು. ಪ್ರಯೋಗದ ದಿನ ಮಾತ್ರ ಮೀಡಿಯಂ ಬದಲಿಸಿದ್ರೆ ಆಗಲ್ಲ, ಮೊದಲೇ ಅಂಟಿದ್ದು ಅಷ್ಟು ಬೇಗ ಬಿಡಲ್ಲ.

ಜಿಡ್ಡುಗುಳ್ಳೆ: ಇನ್ನೊಂದು ವಿಷಯ. ಮೈಮೇಲಿನ ಪೆಗ್ಗೂ 2000, ಫೋಲೇಟ್ ಕಟ್ಟಿರೋ ಪೆಗ್ಗೂ 2000 ಆದ್ರೆ ಫೋಲೇಟ್ ಆ ಪೊದೆಯೊಳಗೇ ಹುದುಗಿಬಿಡುತ್ತೆ. 3400 ಅಥವಾ 5000 ಇರೋದು ತಗೊಳ್ಳಿ. 1994ರಲ್ಲಿ ಲೀ ಮತ್ತು ಲೋ ಅನ್ನೋ ಸಂಶೋಧಕರು ಇದೇ ಕೆಬಿ ಕೋಶಗಳಿಗೆ ಲೈಪೋಸೋಮ್ ಕಳಿಸಿದ್ದೂ ಉದ್ದದ ಪೆಗ್ ಇಟ್ಟೇ. ಮತ್ತೆ, 80 ಮಿಲಿಮೋಲಾರ್‌ನಲ್ಲಿ ಕ್ಯಾಲ್ಸೀನ್ ತನ್ನ ಹೊಳಪನ್ನ ತಾನೇ ನುಂಗಿಕೊಳ್ಳುತ್ತೆ. ಬರೀ ಮೈಕ್ರೋಸ್ಕೋಪ್ ನಂಬ್ಕೋಬೇಡಿ. ಕೋಶ ತೊಳೆದು, ಟ್ರೈಟಾನ್ ಎಕ್ಸ್-100 (ಡಿಟರ್ಜೆಂಟ್) ಹಾಕಿ ಒಡೆದು ರೀಡಿಂಗ್ ತಗೊಳ್ಳಿ.

ಪಿಪೆಟ್_ಪುಟ್ಟಿ: ಅಪ್‌ಡೇಟ್: ಮೀಡಿಯಂ ಒಂದನ್ನೇ ಬದಲಿಸಿದಾಗ ಸ್ವಲ್ಪ ವ್ಯತ್ಯಾಸ ಬಂತು. ಪಕ್ಕದ ಲ್ಯಾಬಿನಿಂದ ಚೂರು ಪೆಗ್3400-ಫೋಲೇಟ್ ಇಸ್ಕೊಂಡು ಮಾಡಿದ್ಮೇಲೆ ಅಂತರ ಸ್ಪಷ್ಟ. ಇಬ್ಬರಿಗೂ ಥ್ಯಾಂಕ್ಸ್! ಈಗ ಲೈಪೋಸೋಮ್ ರಿಸೆಪ್ಟರ್ ಮೂಲಕವೇ ಹೋಗ್ತಿದೆಯಾ ಅಂತ ತಿಳಿಯೋಕೆ 1 ಮಿಲಿಮೋಲಾರ್ ಫೋಲಿಕ್ ಆಸಿಡ್ ಹಾಕಿ ತಡೆದು ನೋಡೋಣ ಅಂದ್ರೆ ಅದು ಕರಗದೆ ಹಳದಿ ಪುಡಿಯಾಗಿ ತಳ ಸೇರ್ತಿದೆ.

ಹಳೇ_ಬಫರ್: ಬರೀ ನೀರಲ್ಲಿ ಅದು ಕರಗಲ್ಲ. ತೆಳು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಸ್ಟಾಕ್ ಮಾಡಿ, ಫಾಯಿಲ್ ಸುತ್ತಿಡಿ. ಮೀಡಿಯಂಗೆ ಸೇರಿಸಿದ್ಮೇಲೆ ಪಿಎಚ್ 7.4ಕ್ಕೆ ತಂದು, ಫಿಲ್ಟರ್ ಮಾಡಿ ಕೋಶಕ್ಕೆ ಹಾಕಿ. ಜೊತೆಗೇ ಹೋಲಿಕೆಗೆ ಎ549 (ಶ್ವಾಸಕೋಶ ಕ್ಯಾನ್ಸರ್ ಕೋಶ) ಒಂದು ಪ್ಲೇಟ್ ಓಡಿಸಿ, ಅದರಲ್ಲಿ ಈ ರಿಸೆಪ್ಟರ್ ತೀರಾ ಕಡಿಮೆ.